ಇಬ್ಬರ ಮನೆಗೆ ಒಂದು ಇಡೀ ಟರ್ಕಿ: ನನ್ನ ಅನುಭವ

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ತಿರವಾದಂತೆ ಅಮೆರಿಕದ ಅಂಗಡಿಗಳು ಗಿರಾಕಿಗಳನ್ನು ಒಳಗೆ ಸೆಳೆಯಲು ಹಿಮಗಟ್ಟಿದ ಟರ್ಕಿ ಕೋಳಿಯನ್ನು ಲಾಭದ ಲೆಕ್ಕ ಬಿಟ್ಟು ಮಾರುತ್ತವೆ. ಕಳೆದ ಸಲ ನಾನು ತಂದದ್ದು 12 ಪೌಂಡಿನದು, ಪೌಂಡಿಗೆ 90 ಸೆಂಟಿನ ಆಸುಪಾಸು. ಒಟ್ಟು 11 ಡಾಲರ್ ಕೂಡ ಆಗಲಿಲ್ಲ. ಮನೆಯಲ್ಲಿ ಇರುವುದು ಇಬ್ಬರೇ ಎಂದು ಗೊತ್ತಿದ್ದವರು ಮೂಗು ಮುರಿದರು. ‘ಎದೆ ಮಾಂಸ ಮಾತ್ರ ಕೊಂಡರೆ ಸಾಲದೇ, ಈ ರಾಕ್ಷಸ ಯಾಕೆ?’ ಎಂದರು. ಆ ರಾಕ್ಷಸ ಫೆಬ್ರವರಿಯವರೆಗೆ ನಮಗೆ ಊಟ ಹಾಕಿತು. ಒಂದು ಚೂರೂ ಕಸದ ಬುಟ್ಟಿ ಸೇರಲಿಲ್ಲ.

ಮೊದಮೊದಲ ವರ್ಷಗಳ ಕಥೆ ಬೇರೆ. ಎಲ್ಲರಂತೆ ನಾವೂ ಇಡಿಯಾಗಿ ಓವನ್‌ಗೆ ಹಾಕುತ್ತಿದ್ದೆವು. ತೊಡೆ ಬೇಯುವಷ್ಟರಲ್ಲಿ ಎದೆ ಒಣಗಿ ಹತ್ತಿಯಂತಾಗುತ್ತಿತ್ತು. ಮೊದಲ ರಾತ್ರಿ ಹಬ್ಬ, ಮರುದಿನ ಸ್ಯಾಂಡ್‌ವಿಚ್, ಅದರ ಮರುದಿನ ಮತ್ತೆ ಸ್ಯಾಂಡ್‌ವಿಚ್. ಬೇಯಿಸಿದ ಮಾಂಸ ಫ್ರಿಜ್‌ನಲ್ಲಿ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಇಡುವಂಥದ್ದಲ್ಲ. ಉಳಿದದ್ದನ್ನು ಡಬ್ಬಿಗೆ ತುಂಬಿ ಫ್ರೀಜರ್‌ಗೆ ತಳ್ಳಿದರೆ ಜನವರಿಯಲ್ಲಿ ಹೊರಬರುತ್ತಿದ್ದದ್ದು ಬೂದು ಬಣ್ಣದ ನಾರು. ಒಂದು ವರ್ಷವಂತೂ ಅರ್ಧ ಪಕ್ಷಿ ಹಾಗೆಯೇ ದಂಡವಾಯಿತು. ಅಗ್ಗ ಅನ್ನುವುದು ತಿಂದು ಮುಗಿಸುವವರಿಗೆ ಮಾತ್ರ ಅಗ್ಗ.

ಈಗ ನಾನು ಟರ್ಕಿಯನ್ನು ಇಡಿಯಾಗಿ ಬೇಯಿಸುವುದೇ ಇಲ್ಲ. ಹಸಿಯಾಗಿರುವಾಗಲೇ ಬಿಡಿಸಿ, ಭಾಗಗಳನ್ನು ಬೇರೆ ಬೇರೆ ಚೀಲಗಳಲ್ಲಿ ಮತ್ತೆ ಹಿಮಗಟ್ಟಿಸುತ್ತೇನೆ. ಇಲ್ಲಿಯೇ ಎಲ್ಲರ ತಕರಾರು ಶುರುವಾಗುವುದು: ಒಮ್ಮೆ ಕರಗಿದ್ದನ್ನು ಮತ್ತೆ ಹಿಮಗಟ್ಟಿಸಿದರೆ ವಿಷವಂತೆ! ಅಮೆರಿಕದ ಕೃಷಿ ಇಲಾಖೆ ಹೇಳುವುದು ಹಾಗಲ್ಲ. ಫ್ರಿಜ್‌ನ ಒಳಗೇ, ಅಂದರೆ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲೇರದಂತೆ, ಕರಗಿದ ಹಸಿ ಮಾಂಸವನ್ನು ಬೇಯಿಸದೆಯೇ ಮತ್ತೆ ಹಿಮಗಟ್ಟಿಸಬಹುದು. ರಸ ಸ್ವಲ್ಪ ಸೋರುತ್ತದೆ, ಅಷ್ಟೆ. ತಣ್ಣೀರಿನಲ್ಲಿ ಮುಳುಗಿಸಿಯೋ ಮೈಕ್ರೋವೇವ್‌ನಲ್ಲೋ ಕರಗಿಸಿದರೆ ಮಾತ್ರ ಮೊದಲು ಬೇಯಿಸಲೇಬೇಕು. ಈ ಒಂದು ವ್ಯತ್ಯಾಸ ಗೊತ್ತಿಲ್ಲದವರೊಂದಿಗೆ ವಾದಿಸುವುದನ್ನು ನಾನು ಬಿಟ್ಟಿದ್ದೇನೆ.

ಫ್ರಿಜ್‌ನಲ್ಲಿ ಕರಗಲು ನಾಲ್ಕೈದು ಪೌಂಡಿಗೆ ಒಂದು ದಿನದ ಲೆಕ್ಕ. 12 ಪೌಂಡಿಗೆ ಸುಮಾರು ಮೂರು ದಿನ ಬೇಕು. ನಾನು ಅದಕ್ಕೂ ಮೊದಲೇ ಹೊರತೆಗೆಯುತ್ತೇನೆ. ಕಾಲು, ರೆಕ್ಕೆಗಳ ಕೀಲು ಸಡಿಲವಾಗಿರಬೇಕು, ಎದೆಯ ಒಳಭಾಗ ಇನ್ನೂ ಬಿರುಸಾಗಿರಬೇಕು. ಪೂರ್ತಿ ಮೆತ್ತಗಾದ ಎದೆ ಚಾಕುವಿನ ಕೆಳಗೆ ಜಾರುತ್ತದೆ. ಅರೆಗಟ್ಟಿ ಎದೆ ಹೇಳಿದಂತೆ ಕೇಳುತ್ತದೆ. ಪೂರ್ತಿ ಕಲ್ಲಾಗಿರುವಾಗಲೇ ಗರಗಸದಿಂದ ಎರಡು ಹೋಳು ಮಾಡುವ ಯೋಚನೆ ಯಾರಿಗಾದರೂ ಇದ್ದರೆ ಕೈಬಿಡಿ. ಮನೆಯ ಗರಗಸದಲ್ಲಿ ಅದು ಅರ್ಧ ದಾರಿಗೆ ನಿಲ್ಲುತ್ತದೆ, ಹಲ್ಲುಗಳ ನಡುವೆ ಕೊಬ್ಬು ಮೆತ್ತಿಕೊಳ್ಳುತ್ತದೆ, ಆಮೇಲೆ ಹಲಗೆಯನ್ನೂ ಗೋಡೆಯನ್ನೂ ತೊಳೆಯುತ್ತಾ ಕೂರಬೇಕು.

ಬಿಡಿಸುವ ಕ್ರಮ ನಿಮಗೆ ಗೊತ್ತಿರುವುದೇ, ಕೋಳಿಯದೇ ಕ್ರಮ, ಅಳತೆ ಮಾತ್ರ ದೊಡ್ಡದು. ಕತ್ತಿನ ಬಳಿಯ ಕವಲು ಮೂಳೆಯನ್ನು ಮೊದಲು ತೆಗೆದರೆ ಎದೆ ಹರಿಯದೆ ಬರುತ್ತದೆ ಎಂಬುದಷ್ಟನ್ನು ನೆನಪಿಸುತ್ತೇನೆ. ನನಗೆ ಸಿಕ್ಕದ್ದು ಹೆಚ್ಚುಕಡಿಮೆ ಹೀಗೆ: ಮೂಳೆ ಬಿಟ್ಟ ಎದೆ ಮೂರು ಪೌಂಡ್, ತೊಡೆ ಮತ್ತು ಕಾಲು ಸೇರಿ ಮೂರೂಕಾಲು, ರೆಕ್ಕೆಗಳು ಒಂದಕ್ಕಿಂತ ಸ್ವಲ್ಪ ಹೆಚ್ಚು, ಬೆನ್ನು ಕತ್ತು ಮೂಳೆಗೂಡು ಮೂರರ ಹತ್ತಿರ. ಉಳಿದದ್ದು ಚರ್ಮ, ಕೊಬ್ಬು, ನೀರು. ಆ ನೀರಿಗೂ ದುಡ್ಡು ಕೊಟ್ಟಿರುತ್ತೇವೆ. ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ, ಬಹಳಷ್ಟು ಟರ್ಕಿಗಳಿಗೆ ಉಪ್ಪುನೀರು ಚುಚ್ಚಿರುತ್ತಾರೆ. ಅಂಥದ್ದನ್ನು ಮತ್ತೆ ಉಪ್ಪುನೀರಿನಲ್ಲಿ ನೆನೆಹಾಕಬಾರದು. ಮೂಳೆ ಸಾರನ್ನು ಬತ್ತಿಸುವುದಿದ್ದರೂ ಉಪ್ಪು ಕೊನೆಗೆ.

ಮತ್ತೆ ಹಿಮಗಟ್ಟಿಸುವಾಗ ವೇಗವೇ ಎಲ್ಲ. ಚೀಲಗಳನ್ನು ಒಂದರ ಮೇಲೊಂದು ಪೇರಿಸಿದ ವರ್ಷ ನಡುವಿನವು ಗಟ್ಟಿಯಾಗಲು ಒಂದು ದಿನಕ್ಕಿಂತ ಹೆಚ್ಚು ಹಿಡಿದು, ಕರಗಿಸಿದಾಗ ಬಟ್ಟಲು ತುಂಬ ಕೆಂಪು ನೀರು ಬಿಟ್ಟವು. ಈಗ ಎದೆಯನ್ನು ಒಂದು ಊಟದ ತುಂಡುಗಳಾಗಿ ಕತ್ತರಿಸಿ, ಚೀಲದಲ್ಲಿ ಚಪ್ಪಟೆಯಾಗಿ ಹರಡಿ, ಬಾಯಿ ತೆರೆದ ಚೀಲವನ್ನು, ಬಾಯಿ ಮಾತ್ರ ಮೇಲಿರುವಂತೆ, ನಿಧಾನವಾಗಿ ನೀರಿಗೆ ಇಳಿಸುತ್ತೇನೆ. ನೀರೇ ಗಾಳಿಯನ್ನು ಹೊರಗೆ ತಳ್ಳುತ್ತದೆ, ನಿರ್ವಾತ ಯಂತ್ರದ ಖರ್ಚಿಲ್ಲ. ಆಮೇಲೆ ಲೋಹದ ತಟ್ಟೆಯ ಮೇಲೆ ಒಂದೇ ಪದರದಲ್ಲಿ. ತಟ್ಟೆಗೆ ಇನ್ನೊಂದು ಸಣ್ಣ ಉಪಾಯವಿದೆ, ಅದು ನನ್ನಲ್ಲೇ ಇರಲಿ.

ಎದೆಯನ್ನು ಬೇಕಾದಾಗ ಒಂದು ತುಂಡು ತೆಗೆದು ಒಳತಾಪ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಕೂಡಲೇ ಇಳಿಸಿದರೆ ಮುಗಿಯಿತು. ತೊಡೆಗೆ ಅವಸರ ಸಲ್ಲದು. 165ಕ್ಕೆ ಅದು ತಿನ್ನಲು ಸುರಕ್ಷಿತ, ಆದರೆ ಅಗಿಯಲು ರಬ್ಬರು. ಸ್ವಲ್ಪ ದ್ರವದಲ್ಲಿ ಮುಚ್ಚಿಟ್ಟು 185ರ ಮೇಲೆ ಹೋಗಲು ಬಿಟ್ಟರೆ ಮೂಳೆಯಿಂದ ತಾನಾಗಿ ಕಳಚುತ್ತದೆ. ಕಾಲಿನ ತುಂಡಿನಲ್ಲಿ ಕಡ್ಡಿಯಂತಹ ಗಟ್ಟಿ ಸ್ನಾಯುರಜ್ಜುಗಳಿರುತ್ತವಲ್ಲ, ಅವುಗಳಿಗಾಗಿಯೇ ಒಂದು ಇಕ್ಕಳವನ್ನು ಅಡುಗೆಮನೆಗೆ ವರ್ಗಾಯಿಸಿದ್ದೇನೆ. ಬೆಂದ ಮೇಲೆ ಒಂದೊಂದಾಗಿ ಎಳೆದರೆ ಬರುತ್ತವೆ.

ಒಂದು ತೊಡೆಯನ್ನು ಉಪ್ಪು, ಕಂದು ಸಕ್ಕರೆಯಲ್ಲಿ ಎರಡು ದಿನ ಫ್ರಿಜ್‌ನಲ್ಲಿಟ್ಟು, ಹೊಗೆಯಲ್ಲಿ ಬೇಯಿಸಿ ನೋಡಿದೆ. ಹಂದಿಯ ಹ್ಯಾಮ್‌ನಂತೆ ಹದಮಾಡಿದ ಅಂಗಡಿಯ ಟರ್ಕಿ ಹ್ಯಾಮ್ ಮಾಡುವುದೂ ತೊಡೆಯಿಂದಲೇ. ಗುಲಾಬಿ ಬಣ್ಣ ಬರಲಿಲ್ಲ, ಏಕೆಂದರೆ ಆ ಬಣ್ಣ ಕೊಡುವ ನೈಟ್ರೈಟ್ ಎಂಬ ಲವಣವನ್ನು ನಾನು ಹಾಕಿರಲಿಲ್ಲ. ರುಚಿ ಮಾತ್ರ ಮೂಗು ಮುರಿದವರೇ ಎರಡನೇ ಹೋಳು ಕೇಳುವಂತಿತ್ತು. ಅಳತೆ ಕೇಳಿದರು, ಹೇಳಲಿಲ್ಲ. ಚರ್ಮವನ್ನು ಎರಡು ತಟ್ಟೆಗಳ ನಡುವೆ ಒತ್ತಿ ಓವನ್‌ನಲ್ಲಿ ಗರಿಗರಿ ಮಾಡಿದ್ದು ಫ್ರೀಜರ್ ತಲುಪುವ ಮೊದಲೇ ಮುಗಿಯಿತು. ಸಾಸೇಜ್ ಪ್ರಯತ್ನ ಕೆಟ್ಟಿತು. ಈ ಪಕ್ಷಿಯಲ್ಲಿ ಅದಕ್ಕೆ ಬೇಕಾದಷ್ಟು ಕೊಬ್ಬಿಲ್ಲ, ಮರದ ಪುಡಿಯಂತೆ ಉದುರಿತು. ಅದನ್ನು ಟೊಮೇಟೊ ಗೊಜ್ಜಿನಲ್ಲಿ ಮುಳುಗಿಸಿ ತಿಂದೆವು.

ಮೂಳೆಗೂಡು, ರೆಕ್ಕೆಯ ತುದಿ, ಕತ್ತು ಎಲ್ಲ ಪ್ರೆಷರ್ ಕುಕ್ಕರ್‌ಗೆ. ಕತ್ತು ಹೊಟ್ಟೆಯೊಳಗೆ ತುರುಕಿರುತ್ತದೆ, ಅಂಗಗಳ ಪೊಟ್ಟಣ ಹೆಚ್ಚಾಗಿ ಕತ್ತಿನ ಕಡೆಯ ಚರ್ಮದಡಿ ಅಡಗಿರುತ್ತದೆ, ಹುಡುಕಿ ತೆಗೆಯಿರಿ. ಲಿವರ್ ಸಾರಿಗೆ ಬೇಡ, ಕಹಿಯಾಗುತ್ತದೆ, ಬೆಣ್ಣೆಯಲ್ಲಿ ಹುರಿದು ಅಡುಗೆ ಮಾಡಿದವರೇ ತಿನ್ನಬೇಕು. ಮೂಳೆಗಳನ್ನು ಮೊದಲು ಓವನ್‌ನಲ್ಲಿ ಕಂದು ಮಾಡಿದರೆ ಸಾರಿನ ಬಣ್ಣವೇ ಬೇರೆ. ಮೊದಲ ಕುದಿಯಲ್ಲಿ ಮೂರು ಲೀಟರ್ ಬಂತು, ತಣ್ಣಗಾದ ಮೇಲೆ ಚಮಚ ನಿಲ್ಲುವಷ್ಟು ಗಟ್ಟಿ. ಅದೇ ಮೂಳೆಗಳನ್ನು ಎರಡನೇ ಸಲ ಕುದಿಸಿದ್ದು ಬರೀ ಬಣ್ಣದ ನೀರು, ಅನಿಲದ ಖರ್ಚಿಗೆ ತೂಗಲಿಲ್ಲ.

ಒಟ್ಟು ಇಬ್ಬರಿಗೆ ಹದಿನೈದರ ಆಸುಪಾಸು ಊಟ, ಸಾರು ಬೇರೆ. ಒಂದು ಊಟಕ್ಕೆ ತಲೆಗೆ ನಲವತ್ತು ಸೆಂಟೂ ಬೀಳಲಿಲ್ಲ. ಚೀಲಗಳ ದುಡ್ಡು ಸೇರಿಸಿಲ್ಲ, ಅವನ್ನು ತೊಳೆದು ಮತ್ತೆ ಬಳಸಬೇಡಿ. ಹಸಿ ಮಾಂಸದ ವಿಷಯದಲ್ಲಿ ಅಷ್ಟು ಜಿಪುಣತನ ನನಗೂ ಬರುವುದಿಲ್ಲ. ಈ ನವೆಂಬರಿನಲ್ಲಿ ಎರಡು ಕೊಳ್ಳುವ ಯೋಚನೆಯಿದೆ. ಎರಡನೆಯದನ್ನು ಅಂಗಡಿಯ ಹೊದಿಕೆಯಲ್ಲೇ ಬಿಟ್ಟರೆ ಒಂದು ವರ್ಷ ಚೆನ್ನಾಗಿಯೇ ಇರುತ್ತದೆ, ಆದರೆ ಅದಕ್ಕೆ ಜಾಗ ಬೇಕೆಂದರೆ ಐಸ್‌ಕ್ರೀಮ್ ಡಬ್ಬಿಗಳು ಹೊರಬರಬೇಕು. ಆ ಮಾತುಕತೆ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.