ಮಂಗಳವಾರ, ಗುರುವಾರ, ಶನಿವಾರ

ನಮ್ಮ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟು ಇದು ಮೂರನೇ ವರ್ಷ. ವಾರಕ್ಕೆ ಮೂರು ದಿನ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದಾರೆ, ಅಂದ್ರೆ ಡಯಾಲಿಸಿಸ್ ಸೂಜಿ ಚುಚ್ಚೋಕೆ ಅಂತ ಎರಡು ರಕ್ತನಾಳ ಜೋಡಿಸಿದ್ದಾರೆ. ಅದರ ಮೇಲೆ ಹೆಬ್ಬೆರಳಿಟ್ಟರೆ ಚರ್ಮದ ಕೆಳಗೆ ಜೇನುಹುಳ ಗುಂಯ್‌ಗುಟ್ಟಿದ ಹಾಗೆ ರಕ್ತ ಹರಿಯೋದು ಗೊತ್ತಾಗುತ್ತೆ. ದಿನಾ ಮುಟ್ಟಿ ನೋಡಿ, ಆ ಗುಂಯ್ ನಿಂತರೆ ಕೂಡಲೇ ಬನ್ನಿ ಅಂತ ನರ್ಸ್ ಹೇಳಿದ್ದರು. ಈಗ ಅದು ಅಭ್ಯಾಸ. ಬೆಳಿಗ್ಗೆ ಎದ್ದು ಶಿಲುಬೆ ಗುರುತು ಹಾಕಿಕೊಳ್ಳೋದು, ಆಮೇಲೆ ಅವರ ಕೈ ಮುಟ್ಟೋದು.

"ಇಷ್ಟೆಲ್ಲ ಆದರೂ ವಿಶ್ವಾಸ ಹೇಗೆ ಉಳಿಸಿಕೊಂಡ್ರಿ?" ಅಂತ ಚರ್ಚಿನಲ್ಲಿ ಕೆಲವರು ಕೇಳುತ್ತಾರೆ. ನಿಜ ಹೇಳಬೇಕಂದ್ರೆ ಮೊದಲ ಎಂಟು ತಿಂಗಳು ಏನೂ ಉಳಿದಿರಲಿಲ್ಲ. ಜಪಸರ (ರೋಸರಿ) ಹಿಡಿದರೆ ಕೈಯಲ್ಲಿ ಮಣಿ, ತಲೆಯಲ್ಲಿ ಆಸ್ಪತ್ರೆ ಬಿಲ್ಲು. ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆಗೆ ಹೋದರೆ, ನಾವೇನು ನಂಬುತ್ತೇವೆ ಅಂತ ಎಲ್ಲರೂ ಒಟ್ಟಿಗೆ ಹೇಳುವ ವಿಶ್ವಾಸ ಸಂಗ್ರಹ ಹೇಳುವಾಗ "ನಾನು ನಂಬುತ್ತೇನೆ" ಅನ್ನೋ ಕಡೆ ಗಂಟಲು ಕಟ್ಟಿಕೊಳ್ಳುತ್ತಿತ್ತು. ಸುಳ್ಳು ಹೇಳಿದ ಹಾಗೆ ಅನಿಸುತ್ತಿತ್ತು.

ಆ ಹೊತ್ತಿನಲ್ಲಿ ಜಾಸ್ತಿ ನೋವು ಕೊಟ್ಟಿದ್ದು ಕಾಯಿಲೆಯಲ್ಲ, ಒಂದು ಪ್ರಾರ್ಥನಾ ಕೂಟ. ಒಳ್ಳೆ ಮನಸ್ಸಿನಿಂದಲೇ ಕರೆದುಕೊಂಡು ಹೋಗಿದ್ದರು. ಅಲ್ಲಿ ಒಬ್ಬರು ಎಲ್ಲರ ಮುಂದೆ, "ನಿಮ್ಮ ಮನೆಯಲ್ಲಿ ಯಾರೋ ಮಾಡಿದ ಪಾಪ ಅಡ್ಡ ನಿಂತಿದೆ, ಅದಕ್ಕೇ ಗುಣ ಆಗ್ತಿಲ್ಲ" ಅಂದುಬಿಟ್ಟರು. ರಾತ್ರಿಯೆಲ್ಲ ಪಾಪ ಹುಡುಕಿದೆ. ನನ್ನದು, ಅವರದು, ಸತ್ತುಹೋದ ಅತ್ತೆ ಮಾವಂದಿರದು. ತುಂಬಾ ದಿನ ಆದ ಮೇಲೆ ಬೈಬಲ್ಲಿನಲ್ಲಿ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯ ತೆರೆದೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದೇ ಪ್ರಶ್ನೆ ಕೇಳುತ್ತಾರೆ, ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಅಂತ. ಇವನೂ ಅಲ್ಲ, ಅವರೂ ಅಲ್ಲ ಅಂತ ಯೇಸು ಹೇಳುತ್ತಾರೆ. ನೂರು ಸಲ ಕೇಳಿದ ವಾಚನ. ಆವತ್ತು ಮಾತ್ರ ನನಗೇ ಹೇಳಿದ ಹಾಗಿತ್ತು. ಆ ಕೂಟಕ್ಕೆ ಮತ್ತೆ ಹೋಗಲಿಲ್ಲ. ಕಷ್ಟದಲ್ಲಿರುವವರ ಹತ್ತಿರ ಈ ಥರ ಮಾತಾಡುವವರನ್ನು ಇವತ್ತಿಗೂ ನಾನು ಸಹಿಸಲ್ಲ.

ಗುರುಗಳ ಹತ್ತಿರ ಪಾಪ ಹೇಳಿಕೊಳ್ಳುವ ಪಾಪನಿವೇದನೆಗೆ ಹೋಗಿ ಬಹಳ ಕಾಲ ಆಗಿತ್ತು. ಕೊನೆಗೊಂದು ದಿನ ಹೋದೆ. ಲೆಕ್ಕದ ಪಾಪ ಎಲ್ಲ ಹೇಳಿ ಮುಗಿಸಿ, "ಫಾದರ್, ನನಗೆ ದೇವರ ಮೇಲೆ ಸಿಟ್ಟಿದೆ" ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಅದನ್ನ ದೇವರಿಗೆ ಹೇಳಿದ್ದೀಯೇನಮ್ಮ?" ಅಂತ ಕೇಳಿದರು. ಪ್ರಾಯಶ್ಚಿತ್ತಕ್ಕೆ ಬೈಬಲ್ಲಿನ 88ನೇ ಕೀರ್ತನೆ ಓದು ಅಂದರು, ಅಷ್ಟೇ.

ಮನೆಗೆ ಬಂದು ಓದಿದೆ. ಬೇರೆ ಕೀರ್ತನೆಗಳು ಗೋಳಿನಿಂದ ಶುರುವಾದರೂ ಮುಗಿಯೋ ಹೊತ್ತಿಗೆ ಸ್ತುತಿಗೆ ತಿರುಗುತ್ತವೆ, ಅಲ್ವಾ? ಇದು ತಿರುಗುವುದೇ ಇಲ್ಲ. ಕತ್ತಲೆಯಲ್ಲೇ ಮುಗಿದುಹೋಗುತ್ತೆ. ಅಂಥದ್ದನ್ನೂ ಧರ್ಮಸಭೆ, ಅಂದ್ರೆ ನಮ್ಮ ಕ್ಯಾಥೊಲಿಕ್ ಚರ್ಚು, ಬೈಬಲ್ಲಿನಿಂದ ತೆಗೆದು ಹಾಕಿಲ್ಲ. ಗುರುಗಳು, ಸಿಸ್ಟರುಗಳು ಪ್ರತಿ ಶುಕ್ರವಾರ ರಾತ್ರಿ ಮಲಗುವ ಮುಂಚಿನ ಪ್ರಾರ್ಥನೆಯಲ್ಲಿ ಇದನ್ನೇ ಹೇಳುತ್ತಾರಂತೆ. ಲೋಕದ ಯಾವುದೋ ಮೂಲೆಯ ಮಠದಲ್ಲಿ ಯಾರೋ ನನ್ನ ಸಿಟ್ಟಿನ ಮಾತನ್ನೇ ಆಡುತ್ತಿರುತ್ತಾರೆ ಅಂತ ಗೊತ್ತಾದಾಗ ಎದೆಯ ಬಿಗಿ ಸ್ವಲ್ಪ ಸಡಿಲವಾಯಿತು. ಶುಕ್ರವಾರ ರಾತ್ರಿ ನಾನೂ ಓದತೊಡಗಿದೆ. ಜೋರಾಗಿ, ಅಡುಗೆಮನೆ ಬಾಗಿಲು ಹಾಕಿಕೊಂಡು.

ಇನ್ನೊಂದು ಸಹಾಯ ಯೇಸುಸಭೆ (ಜೆಸ್ವಿಟ್) ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲರಿಂದ. 1521ರಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದವರು ಅವರು. ಮನಸ್ಸು ಒಣಗಿ ಕತ್ತಲಾದಾಗ ಹಿಂದೆ ಮಾಡಿದ ನಿರ್ಧಾರ ಯಾವುದನ್ನೂ ಬದಲಿಸಬೇಡ ಅನ್ನೋದು ಅವರ ಒಂದು ನಿಯಮ. ನನಗೆ ಇದು ಹೊಂದಿತು, ಯಾಕಂದ್ರೆ ಇದರಲ್ಲಿ ಭಾವನೆಯ ಮಾತೇ ಇಲ್ಲ. ಭಾನುವಾರದ ಬಲಿಪೂಜೆ, ದಿನಕ್ಕೊಂದು ಜಪಸರ, ಇವೆರಡನ್ನು ಬೆಳಕಿದ್ದಾಗ ನಿರ್ಧರಿಸಿದ್ದೆ. ಕತ್ತಲಲ್ಲಿ ಕುಳಿತು ಬಿಡೋದು ಬೇಡ ಅಂತ ಇಟ್ಟುಕೊಂಡೆ.

ಆದರೆ ಭಾನುವಾರವೇ ತಪ್ಪತೊಡಗಿತು. ಅವರಿಗೆ ಉಸಿರು ಕಟ್ಟುತ್ತಿತ್ತು, ಬಿಟ್ಟು ಹೋಗುವ ಹಾಗಿರಲಿಲ್ಲ. ಮೂರು ಭಾನುವಾರ ತಪ್ಪಿದಾಗ ಅಪರಾಧಿ ಭಾವದಲ್ಲಿ ಕುಗ್ಗಿ ಹೋದೆ. ಫಾದರ್ ಹತ್ತಿರ ಹೇಳಿದಾಗ ಗೊತ್ತಾಯಿತು, ರೋಗಿಯನ್ನು ನೋಡಿಕೊಳ್ಳುವಂಥ ಗಂಭೀರ ಕಾರಣ ಇದ್ದರೆ ಭಾನುವಾರ ಬಲಿಪೂಜೆಗೆ ಬರಲೇಬೇಕು ಅನ್ನೋ ಕಟ್ಟಳೆ ಅನ್ವಯಿಸಲ್ಲ. ಪರಮಪ್ರಸಾದವನ್ನು, ಅಂದ್ರೆ ಬಲಿಪೂಜೆಯಲ್ಲಿ ಯೇಸುವಿನ ಶರೀರ ಅಂತ ನಾವು ಸ್ವೀಕರಿಸುವ ರೊಟ್ಟಿಯನ್ನು, ಮನೆಗೇ ತರುತ್ತಾರೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ರೋಗಿಗೆ ಕಡ್ಡಾಯ ಅಲ್ಲ, ರೋಗಿಯನ್ನು ನೋಡಿಕೊಳ್ಳುವವರಿಗೂ ಅಲ್ಲ. ನನ್ನಂಥವರನ್ನು ಧರ್ಮಸಭೆ ಮೊದಲೇ ಯೋಚಿಸಿ ಕಾನೂನಿನಲ್ಲಿ ಬರೆದಿಟ್ಟಿದೆ! ಈಗ ಒಂದು ಪುಟ್ಟ ದುಂಡನೆಯ ಡಬ್ಬಿಯಲ್ಲಿ ನಮ್ಮಿಬ್ಬರಿಗೂ ಯೇಸು ಬರುತ್ತಾರೆ. ಮೇಜಿನ ಮೇಲಿನ ಮಾತ್ರೆ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ ಬಿಳಿ ಬಟ್ಟೆ ಹಾಸಿ, ಒಂದು ಮೇಣದಬತ್ತಿ ಹಚ್ಚುತ್ತೇನೆ.

ಆ ಮೇಜು ನೋಡಿದಾಗೆಲ್ಲ ವಿಯೆಟ್ನಾಮಿನ ಬಿಷಪ್ ನ್ಗುಯೆನ್ ವಾನ್ ತುವಾನ್ ನೆನಪಾಗುತ್ತಾರೆ. 1975ರಲ್ಲಿ ಅವರನ್ನು ಬಂಧಿಸಿ 13 ವರ್ಷ ಸೆರೆಯಲ್ಲಿಟ್ಟರು, ಅದರಲ್ಲಿ 9 ವರ್ಷ ಒಂಟಿಯಾಗಿ. ಹೊಟ್ಟೆನೋವಿನ ಔಷಧಿ ಅಂತ ಹೇಳಿ ಹೊರಗಿನಿಂದ ಸ್ವಲ್ಪ ದ್ರಾಕ್ಷಾರಸ ತರಿಸಿಕೊಂಡರು. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು ಹಾಕಿಕೊಂಡು ಬಲಿಪೂಜೆ ಅರ್ಪಿಸುತ್ತಿದ್ದರು. ಅಂಗೈಯೇ ಪೀಠ. ನನಗೆ ಮೇಜಾದರೂ ಇದೆ.

ರೋಗಿಗಳಿಗೆ ಪ್ರಾರ್ಥಿಸಿ ಎಣ್ಣೆ ಹಚ್ಚಿಸುವ ಸಂಸ್ಕಾರದ ಬಗ್ಗೆ ಒಂದು ಮಾತು. ನಾವು ಅದನ್ನು ಒಂದು ವರ್ಷ ತಡ ಮಾಡಿದೆವು. ಎಣ್ಣೆ ಹಿಡಿದು ಫಾದರ್ ಮನೆಗೆ ಬಂದರೆ ಕಥೆ ಮುಗೀತು ಅನ್ನೋ ಭಯ ಹಿರಿಯರಿಗಿತ್ತು, ನನಗೂ ಇತ್ತು. ಅದು ಸಾಯುವವರಿಗಷ್ಟೇ ಅಲ್ಲ, ಗಂಭೀರ ಕಾಯಿಲೆಯಲ್ಲಿ ಇರುವ ಯಾರಿಗಾದರೂ ಕೊಡಬಹುದು, ಕಾಯಿಲೆ ಹೆಚ್ಚಾದರೆ ಮತ್ತೆಯೂ ಕೊಡಬಹುದು. ಹಣೆಗೆ, ಎರಡು ಅಂಗೈಗೆ ಎಣ್ಣೆ ಹಚ್ಚಿದರು. ಎಡಗೈಯ ಬ್ಯಾಂಡೇಜ್ ನೋಡಿ ಫಾದರ್ ಒಂದು ಕ್ಷಣ ಅನುಮಾನಿಸಿದರು. "ಅಂಗೈಗೆ ತಾನೇ ಫಾದರ್, ಹಚ್ಚಿ" ಅಂತ ಇವರೇ ಕೈ ಚಾಚಿದರು. ಕಾಯಿಲೆ ವಾಸಿಯಾಗಲಿಲ್ಲ. ಆವತ್ತು ರಾತ್ರಿ ಮಾತ್ರ ಅವರು ಎಷ್ಟೋ ವಾರಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದರು. ನಾನೂ ಮಾಡಿದೆ.

ಈಗ ಬಲಿಪೂಜೆಗೆ ಹೋಗಲು ಆದ ಭಾನುವಾರ ವಿಶ್ವಾಸ ಸಂಗ್ರಹದಲ್ಲಿ ಗಂಟಲು ಕಟ್ಟಿದರೆ ಹೆದರಲ್ಲ. ಒಬ್ಬರಿಗೊಬ್ಬರು ಶಾಂತಿ ಕೋರುವ ಶಾಂತಿ ವಿನಿಮಯಕ್ಕೆ ಮುಂಚೆ ಗುರುಗಳು ಹೇಳುವ ಒಂದು ಪ್ರಾರ್ಥನೆ ಇದೆ, ನಮ್ಮ ಪಾಪಗಳನ್ನಲ್ಲ, ನಿಮ್ಮ ಧರ್ಮಸಭೆಯ ವಿಶ್ವಾಸವನ್ನು ನೋಡಿ ಅನ್ನೋ ಅರ್ಥದ್ದು. ನನ್ನದನ್ನು ನೋಡಿ ಅಂತ ಅಲ್ಲ, ಎಲ್ಲರದ್ದನ್ನೂ ಸೇರಿಸಿ ನೋಡಿ ಅಂತ. ಹಿಂದಿನ ಬೆಂಚಿನ ಅಜ್ಜಿ ನನಗಿಂತ ಒಂದು ಸಾಲು ಮುಂದೆ ಓಡುತ್ತಾ ಗಟ್ಟಿಯಾಗಿ ಹೇಳುತ್ತಿರುತ್ತಾರೆ. ನಾನು ಆಗದ ಕಡೆ ಸುಮ್ನಿದ್ದು, ಆಗುವ ಕಡೆ ಸೇರಿಕೊಳ್ಳುತ್ತೇನೆ.

ಜಪಸರ ಹೇಳೋದು ಡಯಾಲಿಸಿಸ್ ಕುರ್ಚಿಯ ಪಕ್ಕದಲ್ಲೇ. ಸೂಜಿ ಚುಚ್ಚಿದ ಎಡಗೈ ಅಲ್ಲಾಡಿಸುವ ಹಾಗಿಲ್ಲ, ಹಾಗಾಗಿ ಮಣಿ ಅವರ ಬಲಗೈಯಲ್ಲಿ. ಮೊದಮೊದಲು ಐದೂ ದಶಕ (ಹತ್ತು ಮಣಿಗೆ ಒಂದು ದಶಕ) ಮುಗಿಸಲೇಬೇಕು ಅಂತ ಹಟ ಹಿಡಿಯುತ್ತಿದ್ದೆ. ಎರಡನೇ ದಶಕಕ್ಕೆ ಅವರು ನಿದ್ದೆ ಹೋಗೋರು, ನನಗೆ ಸಿಟ್ಟು ಬರೋದು. ಈಗ ಜೊತೆಯಲ್ಲಿ ಒಂದೇ ದಶಕ, ಮಿಕ್ಕಿದ್ದು ನಾನೊಬ್ಬಳೇ. ಜಪಸರ ಹೇಳುವಾಗ ಧ್ಯಾನಿಸುವ ಯೇಸು ಮರಿಯರ ಜೀವನದ ಘಟನೆಗಳಿಗೆ ರಹಸ್ಯಗಳು ಅಂತಾರೆ: ಮಂಗಳವಾರ ದುಃಖದ ರಹಸ್ಯಗಳು, ಗುರುವಾರ ಬೆಳಕಿನವು, ಶನಿವಾರ ಸಂತೋಷದವು.

ಕಳೆದ ಮಂಗಳವಾರ ಯಂತ್ರ ಶುರುವಾದ ಮೇಲೆ ಇವರು ಕಣ್ಣು ಬಿಟ್ಟು, "ಸೂಜಿ ಚುಚ್ಚಿಸಿಕೊಂಡಿದ್ದೂ ಅಲ್ಲದೆ ಮುಳ್ಳಿನ ಕಿರೀಟ ಬೇರೆ ಯಾಕೆ? ಶನಿವಾರದ್ದು ಇವತ್ತೇ ಹೇಳಬಾರದಾ?" ಅಂದರು.

"ಅದೆಲ್ಲ ಆಗಲ್ಲ ರೀ. ಗೆತ್ಸೆಮನೆಯಿಂದ ಶುರು ಮಾಡಿ" ಅಂದೆ. ಗೆತ್ಸೆಮನೆ ತೋಟದಲ್ಲಿ ಯೇಸು ಸಂಕಟಪಟ್ಟಿದ್ದೇ ಮೊದಲ ದುಃಖದ ರಹಸ್ಯ.

ಮಾಡಿದರು. ಏಳನೇ ಮಣಿಗೆ ಗೊರಕೆ.