ತಕ್ಕಡಿ ಮೊದಲು, ಬಾಲ್ಸಾ ಆಮೇಲೆ

ಸ್ಪರ್ಧೆಗೆ ರಿಮೋಟಿನ ಸಣ್ಣ ವಿಮಾನ ಕಟ್ಟಲು ಹೊರಟ ಜೂನಿಯರ್‌ಗಳು ಮೊದಲು ಏನು ಕೊಳ್ಳಬೇಕು ಎಂದು ಕೇಳಿದರೆ ನಾನು ತಕ್ಕಡಿ ಎನ್ನುತ್ತೇನೆ. ಬಂಗಾರದ ಅಂಗಡಿಯಲ್ಲಿ ಇರುತ್ತದಲ್ಲ, ಅಂಥದ್ದೇ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ. ಬಾಲ್ಸಾ ಎಂಬ ಹಗುರ ಮರದ ಹಾಳೆ, ಮೋಟರ್ ಎಲ್ಲ ಆಮೇಲೆ. ನಮಗೆ ಈ ಬುದ್ಧಿ ಬರುವಷ್ಟರಲ್ಲಿ ಒಂದು ವಿಮಾನ ಪುಡಿಯಾಗಿತ್ತು.

ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿದ್ದಾಗ ನಾವು ಏಳು ಜನ ಸೇರಿ ಚೆನ್ನೈನ ಒಂದು ಸ್ಪರ್ಧೆಗೆ ಹೆಸರು ಕೊಟ್ಟೆವು. ಎಷ್ಟು ಭಾರ ಹೊತ್ತು ಹಾರುತ್ತದೋ ಅಷ್ಟು ಅಂಕ. ನಮ್ಮ ರೆಕ್ಕೆ ತುದಿಯಿಂದ ತುದಿಗೆ 1.2 ಮೀಟರ್, ಅಗಲ 20 ಸೆಂ.ಮೀ. ರಿಬ್‌ಗಳನ್ನು, ಅಂದರೆ ರೆಕ್ಕೆಗೆ ಆಕಾರ ಕೊಡುವ ಬಾಲ್ಸಾ ತುಂಡುಗಳನ್ನು, ನೇಮ್ ಬೋರ್ಡ್ ಮಾಡುವ ಅಂಗಡಿಯೊಂದರ ಲೇಸರ್‌ನಲ್ಲಿ ಕತ್ತರಿಸಿಕೊಂಡೆವು. ಅಕ್ರಿಲಿಕ್‌ಗೆ ಇಡುವ ಪವರ್‌ನಲ್ಲೇ ಮೊದಲ ಹಾಳೆ ಕತ್ತರಿಸಿದ್ದಕ್ಕೆ ಅಂಚೆಲ್ಲ ಕರಕಲಾಯಿತು. ಕರಕಲು ಅಂಚಿಗೆ ಫೆವಿಕ್ವಿಕ್ ನಿಲ್ಲುವುದಿಲ್ಲ. ಒಂದೊಂದು ರಿಬ್ಬನ್ನೂ ಪಾಲಿಶ್ ಪೇಪರಿನಿಂದ ತಿಕ್ಕಬೇಕಾಯಿತು.

ಹಾರಿಸುವುದು ಎಲ್ಲಿ? ಗೋಕುಲ ರೋಡಿನಲ್ಲೇ ವಿಮಾನ ನಿಲ್ದಾಣ ಇರುವುದರಿಂದ ಊರಲ್ಲಿ ಹಾರಿಸುವ ಮಾತೇ ಇಲ್ಲ. ಗೆಳೆಯನ ಸಂಬಂಧಿಕರ ಹೊಲ ಅಣ್ಣಿಗೇರಿ ಕಡೆ ಇತ್ತು. ಫೆಬ್ರವರಿ, ಕಡಲೆ ಕಿತ್ತು ಹೊಲ ಖಾಲಿಯಾಗಿತ್ತು. ಗಾಳಿ ಏಳುವ ಮುಂಚೆ, ಬೆಳಿಗ್ಗೆ ಆರೂವರೆಗೆ ನಿಂತೆವು.

ಕೈಯಿಂದ ಎಸೆದೆ. ಎಸೆದ ಕೂಡಲೇ ಮೂಗು ಮೇಲೆದ್ದಿತು. ರಿಮೋಟ್ ಹಿಡಿದವನು ಸ್ಟಿಕ್ಕನ್ನು ಪೂರ್ತಿ ಮುಂದಕ್ಕೆ ಒತ್ತಿದ, ಮೂಗು ಇಳಿಯಲೇ ಇಲ್ಲ. ವಿಮಾನ ಗಾಳಿಯಲ್ಲಿ ಒಂದು ಕ್ಷಣ ನಿಂತೇಬಿಟ್ಟಿತು. ಎಡ ರೆಕ್ಕೆ ವಾಲಿತು, ಮೂಗು ಕೆಳಗಾಗಿ ಎರೆಮಣ್ಣಿಗೆ ಬಡಿಯಿತು. ಪ್ರೊಪೆಲ್ಲರಿನ ಒಂದು ತುಂಡು ನೆಲದ ಬಿರುಕಿನೊಳಗೆ ಇಳಿದಿತ್ತು, ಕಡ್ಡಿ ಹಾಕಿ ತೆಗೆದೆವು.

ಮೋಟರ್‌ಗೆ ಶಕ್ತಿ ಸಾಲಲಿಲ್ಲ ಅಂತ ಒಬ್ಬ, ಎಸೆದದ್ದು ಸರಿಯಿಲ್ಲ ಅಂತ ಇನ್ನೊಬ್ಬ. ಬದುವಿನ ಮೇಲೆ ಕೂತು ನೋಡುತ್ತಿದ್ದ ಹೊಲದ ಅಜ್ಜ ಎದ್ದು ಬಂದರು. "ಚಕ್ಕಡ್ಯಾಗ ಹಿಂದ ಭಾರ ಹೆಚ್ಚಾದ್ರ ನೊಗ ಮ್ಯಾಲ ಏಳತೈತಿ ತಮ್ಮಾ. ನಿಮ್ಮದೂ ಹಂಗ ಆಗೇತಿ ನೋಡು" ಎಂದರು.

ಅದೇ ಆಗಿತ್ತು. ಇಂಥ ವಿಮಾನದ ಸಿಜಿ, ಅಂದರೆ ಭಾರ ಸಮತೂಗುವ ಜಾಗ, ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಶೇಕಡಾ 25ರಿಂದ 30ರೊಳಗೆ ಬರಬೇಕು. ನಮಗೆ ಅದು 5–6 ಸೆಂ.ಮೀ. ಸಾಫ್ಟ್‌ವೇರ್‌ನಲ್ಲಿ ಸರಿಯಾಗಿಯೇ ಇತ್ತು. ಆದರೆ ಅಂಟಿನ ತೂಕ, ಮೇಲೆ ಹೊದಿಸುವ ತೆಳು ಕವರಿಂಗ್ ಹಾಳೆಯ ತೂಕ, ಬಾಲದ ಎರಡು ಸರ್ವೋಗಳವರೆಗೆ (ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರ್‌ಗಳು) ಎಳೆದ ವೈರಿನ ತೂಕ ನಾವು ಅದಕ್ಕೆ ಹೇಳಿರಲಿಲ್ಲ. ಬಾಲ್ಸಾ ಬೇರೆ ಒಂದೇ ಥರ ಇರುವುದಿಲ್ಲ. ಒಂದೇ ಅಳತೆಯ ಎರಡು ಹಾಳೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗಬಹುದು. ಗಟ್ಟಿ ಇರಲಿ ಅಂತ ನಾವು ಭಾರದ ಹಾಳೆಗಳನ್ನೇ ಆರಿಸಿ ಬಾಲಕ್ಕೆ ಹಾಕಿದ್ದೆವು.

ರೂಮಿಗೆ ಬಂದು ಬಾಲ ಕಳಚಿ ತೂಗಿದೆವು. ಲೆಕ್ಕಕ್ಕಿಂತ 38 ಗ್ರಾಂ ಜಾಸ್ತಿ! ಅಷ್ಟೇನಾ ಅನ್ನಿಸುತ್ತದೆ ಅಲ್ವಾ? ಬಾಲ ಸಿಜಿಯಿಂದ 60 ಸೆಂ.ಮೀ ಹಿಂದೆ, ಮೂಗು 20 ಸೆಂ.ಮೀ ಮುಂದೆ. ಹಿಂದಿನ ಒಂದು ಗ್ರಾಂಗೆ ಮುಂದೆ ಮೂರು ಗ್ರಾಂ ಇಡಬೇಕು. 38ಕ್ಕೆ 114 ಗ್ರಾಂ ಸೀಸ. ಒಟ್ಟು 152 ಗ್ರಾಂ ಸುಮ್ನೆ ಹೊತ್ತು ತಿರುಗಬೇಕು, ಒಂದು ಅಂಕವೂ ಬರುವುದಿಲ್ಲ. ಸೀಸ ಹಾಕಿ ಮುಗಿಸೋಣ ಎಂದವರೂ ಇದ್ದರು. ನಾನು ಒಪ್ಪಲಿಲ್ಲ. ಹೊಸ ಬಾಲ ಕಟ್ಟಿದೆವು.

ಈ ಸಲ ಹಾಳೆಗಳನ್ನೆಲ್ಲ ತೂಗಿ, ಮೂಲೆಯಲ್ಲಿ ಪೆನ್ಸಿಲ್‌ನಿಂದ ತೂಕ ಬರೆದು, ಹಗುರಾದವನ್ನು ಬಾಲಕ್ಕೆ ಎತ್ತಿಟ್ಟೆವು. ಇಡೀ ಹಾಳೆಯ ಬದಲು ಕಡ್ಡಿಗಳ ಚೌಕಟ್ಟು ಮಾಡಿ ಮೇಲೆ ಕವರಿಂಗ್ ಎಳೆದೆವು. 9 ಗ್ರಾಂನ ಎರಡೂ ಸರ್ವೋಗಳನ್ನು ರೆಕ್ಕೆಯ ಕೆಳಗೆ ತಂದು, ಅಲ್ಲಿಂದ ಬಾಲಕ್ಕೆ ಬಿದಿರಿನ ಕಡ್ಡಿ ಜೋಡಿಸಿದೆವು. ಕಡ್ಡಿಯ ಎರಡೂ ತುದಿಗೆ ತಂತಿ ಸುತ್ತಿ ದಾರ ಬಿಗಿದು ಅಂಟು ಹಾಕಿದರೆ ಸಾಕು, ಅಲುಗುವುದಿಲ್ಲ. ರೆಕ್ಕೆಯ ಕೆಳಗೆ ಎರಡೂ ಕಡೆ 5.5 ಸೆಂ.ಮೀಗೆ ಪೆನ್ನಿನ ಗುರುತು ಹಾಕಿದೆವು. ದಿನಾ ಸಂಜೆ ಬ್ಯಾಟರಿ ಇಟ್ಟು ಆ ಗುರುತುಗಳಿಗೆ ಎರಡು ಬೆರಳು ಕೊಟ್ಟು ಎತ್ತಿ ನೋಡುತ್ತಿದ್ದೆವು. ಬ್ಯಾಟರಿ ಇಲ್ಲದೆ ನೋಡಿದರೆ ಏನೂ ಪ್ರಯೋಜನವಿಲ್ಲ.

ಅದೇ ಹೊಲದಲ್ಲಿ, ಅದೇ ಹೊತ್ತಿಗೆ ಮತ್ತೆ ಎಸೆದೆ. ಈ ಸಲ ಸ್ವಲ್ಪ ಇಳಿದು, ತಾನೇ ಎದ್ದು, ಬದುವಿನಾಚೆ ಹೋಗಿ ತಿರುಗಿ ಬಂತು. ಅಜ್ಜ ಹಣೆಗೆ ಕೈ ಅಡ್ಡ ಹಿಡಿದು ಅದು ಇಳಿಯುವವರೆಗೂ ನೋಡಿದರು.

ಚೆನ್ನೈಗೆ ಹೋಗುವ ಮುಂಚೆ ಒಂದು ಕೆಲಸ ಉಳಿದಿತ್ತು. ಪೇಲೋಡ್ ಪೆಟ್ಟಿಗೆಯನ್ನು, ಅಂದರೆ ಹೊರಬೇಕಾದ ಭಾರ ಇಡುವ ಪೆಟ್ಟಿಗೆಯನ್ನು, ಸರಿಯಾಗಿ ಆ ಪೆನ್ನಿನ ಗುರುತಿನ ಮೇಲೆಯೇ ಕೂರಿಸಿದೆವು. ಹಾಗಿದ್ದರೆ ಖಾಲಿ ಇದ್ದರೂ, 300 ಗ್ರಾಂ ಹೇರಿದರೂ ಸಿಜಿ ಜರುಗುವುದಿಲ್ಲ. ಸ್ಪರ್ಧೆಯಲ್ಲಿ ಆ 300 ಗ್ರಾಂ ಹೊತ್ತೇ ಹಾರಿತು. ಸಾಲಿನಲ್ಲಿ ನಮ್ಮ ಹಿಂದಿದ್ದ ತಂಡ ಮೂಗಿಗೆ ಸೀಸ ಅಂಟಿಸುತ್ತಿತ್ತು. ನಮ್ಮ ತಕ್ಕಡಿಯನ್ನು ಅವರಿಗೆ ಕೊಟ್ಟೆ.