ಹಳೆಯ ನಟಿಯ ಬಗ್ಗೆ ಬರೆಯುವ ಮುನ್ನ

ನಟಿ ಕಲ್ಪನಾ ಬಗ್ಗೆ ಬರೆಯಲು ಕೂತವರಲ್ಲಿ ಮುಕ್ಕಾಲು ಮಂದಿ ಮೊದಲ ಸಾಲಿಗೇ ಅವರು ತೀರಿಕೊಂಡ 1979ರ ಮೇ 12ಕ್ಕೆ ಓಡುತ್ತಾರೆ. ಸಿನಿಮಾ ಪುರವಣಿಗೆ ಬರುವ ಲೇಖನಗಳನ್ನು ತಿದ್ದುವುದು ನನ್ನ ಕೆಲಸ. ಸಾವಿನಿಂದ ಶುರುವಾದ ಲೇಖನ ಕೈಗೆ ಬಂದರೆ ಮೊದಲ ಪ್ಯಾರಾಕ್ಕೆ ಗೀಟು ಹಾಕಿ, ಉಳಿದದ್ದರಲ್ಲಿ ನಟಿ ಎಲ್ಲಿದ್ದಾರೆ ಅಂತ ಹುಡುಕುತ್ತೇನೆ. ಎಷ್ಟೋ ಸಲ ಸಿಗುವುದೇ ಇಲ್ಲ.

ನೀವು 1967ರ ‘ಬೆಳ್ಳಿ ಮೋಡ’ದಿಂದ ಹೊರಡಿ. ಆಸ್ತಿ ಸಿಗುವುದಿಲ್ಲ ಅಂತ ಗೊತ್ತಾಗುತ್ತಲೇ ಮನಸ್ಸು ಬದಲಿಸಿದ ಗಂಡು ಕೊನೆಗೆ ಪಶ್ಚಾತ್ತಾಪಪಟ್ಟರೂ ಕಲ್ಪನಾ ಮಾಡಿದ ಇಂದಿರಾ ಅವನನ್ನು ಒಪ್ಪುವುದಿಲ್ಲ. ಆ ಒಂದು ದೃಶ್ಯವನ್ನು ಮತ್ತೆ ಮತ್ತೆ ನೋಡಿ. ಮುಖ ಎತ್ತ ತಿರುಗುತ್ತದೆ, ಮಾತಿಗೂ ಮಾತಿಗೂ ನಡುವೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ, ಕೈ ಏನು ಮಾಡುತ್ತಿರುತ್ತದೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಆಮೇಲೆ 1971ರ ‘ಶರಪಂಜರ’ದ ಕಾವೇರಿಗೆ ಬನ್ನಿ. ಎರಡೂ ತ್ರಿವೇಣಿಯವರ ಕಾದಂಬರಿ, ಎರಡಕ್ಕೂ ಪುಟ್ಟಣ್ಣ ಕಣಗಾಲರೇ ನಿರ್ದೇಶಕರು. ಹಾಗಾಗಿ ನಾಲ್ಕು ವರ್ಷದಲ್ಲಿ ನಟಿ ಎಷ್ಟು ಬೆಳೆದರು ಅನ್ನುವುದು ಇಲ್ಲಿ ಸ್ವಚ್ಛವಾಗಿ ಕಾಣುತ್ತದೆ. ಸಾವು ಲೇಖನದಲ್ಲಿ ತನ್ನ ವರ್ಷಕ್ಕೆ ಬರಲಿ, ಮುಂಚೆ ಬೇಡ.

ವಾಕ್ಯ ಬರೆಯುವ ಮೊದಲು ಪಟ್ಟಿ ಮಾಡಬೇಕು. ಉದ್ದದ ಹಾಳೆಯಲ್ಲಿ ಗೆರೆ ಎಳೆದು ವರ್ಷ, ಚಿತ್ರ, ಭಾಷೆ, ನಿರ್ದೇಶಕ, ಬ್ಯಾನರ್ (ನಿರ್ಮಾಣ ಸಂಸ್ಥೆ) ಎಂದು ಕಾಲಂ ಹಾಕಿ. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ನಾನು ಇನ್ನೊಂದು ಕಾಲಂ ಹಾಕಿಸುತ್ತೇನೆ: ‘ನಾಯಕನಿಗೆ ಇವರು ಏನಾಗಬೇಕು?’ ನಾಯಕಿಯೋ, ತಂಗಿಯೋ, ಅತ್ತಿಗೆಯೋ, ತಾಯಿಯೋ. ಪಂಢರಿಬಾಯಿಯವರ ಹಾಳೆ ತುಂಬಿಸಿ ನೋಡಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್‌ಗೆ ನಾಯಕಿ. ‘ಬೆಳ್ಳಿ ಮೋಡ’ಕ್ಕೆ ಬರುವಾಗ ಕಲ್ಪನಾಗೆ ತಾಯಿ. 1986ರ ‘ಅನುರಾಗ ಅರಳಿತು’ ಚಿತ್ರದಲ್ಲಿ ಅದೇ ರಾಜ್‌ಕುಮಾರ್‌ಗೆ ತಾಯಿ; ರಾಜ್ ಮಾತ್ರ ಅಲ್ಲೂ ನಾಯಕರೇ. ಇದಕ್ಕೆ ವ್ಯಾಖ್ಯಾನ ಬರೆದು ಕೆಡಿಸಬೇಡಿ, ಮೂರು ವರ್ಷಗಳನ್ನು ಒಂದರ ಪಕ್ಕ ಒಂದಿಟ್ಟರೆ ಓದುಗರಿಗೆ ತಿಳಿಯುತ್ತದೆ. ‘ಗೆಜ್ಜೆಪೂಜೆ’ಯ ಲೀಲಾವತಿ–ಕಲ್ಪನಾ ಜೋಡಿಯೂ ಹಾಗೆಯೇ. ತಾಯಿಯಾದವರು ಹುಟ್ಟಿದ್ದು 1937ರಲ್ಲಿ, ಮಗಳಾದವರು 1943ರಲ್ಲಿ. ಪಾತ್ರ ಯಾವ ವರ್ಷ ನಾಯಕಿಯಿಂದ ತಾಯಿಗೆ ಜಾರಿತೋ ಆ ಸಾಲಿಗೆ ಕೆಂಪು ಶಾಯಿಯ ಗುರುತು ಹಾಕಿ. ನಿಮ್ಮ ಲೇಖನದ ಮಧ್ಯಭಾಗ ಅಲ್ಲೇ ಇದೆ.

ಭಾಷೆಯ ಕಾಲಂ ಖಾಲಿ ಬಿಡುವವರೇ ಹೆಚ್ಚು. ಆಗಿನ ಕನ್ನಡ ಚಿತ್ರಗಳ ಬಹುಪಾಲು ಕೆಲಸ ನಡೆಯುತ್ತಿದ್ದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ನಟಿಯರಿಗೆ ಒಂದು ಫ್ಲೋರಿನಲ್ಲಿ ಕನ್ನಡ, ಪಕ್ಕದ ಫ್ಲೋರಿನಲ್ಲಿ ತಮಿಳು. ಬಿ. ಸರೋಜಾದೇವಿಯವರನ್ನು 1955ರ ‘ಮಹಾಕವಿ ಕಾಳಿದಾಸ’ದಿಂದ ಎತ್ತಿ ನೇರ 1961ರ ‘ಕಿತ್ತೂರು ಚೆನ್ನಮ್ಮ’ಕ್ಕೆ ಇಳಿಸಿದರೆ, ನಡುವೆ 1958ರ ‘ನಾಡೋಡಿ ಮನ್ನನ್’ ಬಿಟ್ಟುಹೋಗುತ್ತದೆ. ಅಂದರೆ ಎಂ.ಜಿ.ಆರ್. ಎದುರು ನಿಂತ ಸರೋಜಾದೇವಿಯೇ ಬಿಟ್ಟುಹೋದಂತೆ. ಪಂಢರಿಬಾಯಿ 1952ರಲ್ಲೇ ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ ‘ಪರಾಶಕ್ತಿ’ಯಲ್ಲಿದ್ದರು, ‘ಬೇಡರ ಕಣ್ಣಪ್ಪ’ ಬರುವ ಹೊತ್ತಿಗೆ ಅವರೇನೂ ಹೊಸಬರಲ್ಲ.

ಇನ್ನು ವರ್ಷಗಳ ಜಗಳ. ಚಿತ್ರದ ತಲೆಯಲ್ಲಿ ಬರುವ ಸೆನ್ಸಾರ್ ಸರ್ಟಿಫಿಕೇಟನ್ನು ನಿಲ್ಲಿಸಿ ಓದಿ. ಅದರ ಮೇಲಿರುವುದು ಪ್ರಮಾಣಪತ್ರ ಕೊಟ್ಟ ದಿನಾಂಕ, ಬಿಡುಗಡೆಯದಲ್ಲ. ಡಿಸೆಂಬರಿನಲ್ಲಿ ಸರ್ಟಿಫಿಕೇಟ್ ಪಡೆದು ಮುಂದಿನ ವರ್ಷ ತೆರೆ ಕಂಡರೆ ಎರಡು ಕಡೆ ಎರಡು ವರ್ಷ ದಾಖಲಾಗುತ್ತದೆ. ಬಿಡುಗಡೆ ದಿನ ಬೇಕಾದರೆ ಆ ವಾರದ ದಿನಪತ್ರಿಕೆಯ ಚಿತ್ರಮಂದಿರದ ಜಾಹೀರಾತು ನೋಡಬೇಕು. ಪಾತ್ರವರ್ಗಕ್ಕೆ ಟೈಟಲ್ ಕಾರ್ಡ್, ಅದು ತುಂಡಾಗಿದ್ದರೆ ಚಿತ್ರಮಂದಿರದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ಹಿಂಬದಿಯ ಕಥಾಸಾರ ಮಜವಾಗಿರುತ್ತದೆ, ‘ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ’ ಅಂತ ಕೈಕೊಡುತ್ತದೆ.

ಹೆಸರಿನಲ್ಲೂ ಎಡವಬಹುದು. ಅಂತರ್ಜಾಲದಲ್ಲಿ ‘ಲೀಲಾವತಿ’ ಅಂತ ಹುಡುಕಿದರೆ 1965ರ ‘ಮಿಸ್ ಲೀಲಾವತಿ’ ಬರುತ್ತದೆ, ಅದರ ನಾಯಕಿ ಜಯಂತಿ. ಮಂಜುಳಾ ಅಂದರೆ ಕನ್ನಡದವರೂ ಇದ್ದರು, ತಮಿಳಿನವರೂ ಇದ್ದರು. ಫೋಟೊ ಅದಲು ಬದಲಾಗುವುದು ಇಲ್ಲೇ.

ಚಿತ್ರವೇ ಉಳಿದಿಲ್ಲದಿದ್ದರೆ? 1934ರ ‘ಸತಿ ಸುಲೋಚನಾ’ದಲ್ಲಿ ತ್ರಿಪುರಾಂಬ ‘ಅಮೋಘವಾಗಿ ಅಭಿನಯಿಸಿದ್ದಾರೆ’ ಅಂತ ಬರೆದು ಕಳಿಸಿದವರುಂಟು. ಪ್ರಿಂಟೇ ಉಳಿದಿಲ್ಲ ಸ್ವಾಮಿ, ನೋಡಿದ್ದೆಲ್ಲಿ? ಕೊಲ್ಹಾಪುರದಲ್ಲಿ ಚಿತ್ರೀಕರಣವಾಯಿತು, ಸುಲೋಚನೆ ತ್ರಿಪುರಾಂಬ, ಇಂದ್ರಜಿತು ಸುಬ್ಬಯ್ಯ ನಾಯ್ಡು. ಇಷ್ಟು ಬರೆದು ನಿಲ್ಲಿಸಿ.

ನಟನೆಯಾಚೆ ಮಾಡಿದ ಕೆಲಸವನ್ನು ಕೊನೆಯ ಸಾಲಿಗೆ ತಳ್ಳುವುದು ನನಗೆ ಸಿಟ್ಟು ತರಿಸುತ್ತದೆ. ಎಂ.ವಿ. ರಾಜಮ್ಮ 1943ರಲ್ಲೇ ‘ರಾಧಾರಮಣ’ ನಿರ್ಮಿಸಿದವರು. ಕನ್ನಡದ ಮೊದಲ ಮಹಿಳಾ ನಿರ್ಮಾಪಕಿಯನ್ನು ‘ಇವರು ನಿರ್ಮಾಪಕಿಯೂ ಹೌದು’ ಎಂದು ಮುಗಿಸುವುದೇ? ಕಿರುತೆರೆಗೆ ಬಂದರೆ ವೈಶಾಲಿ ಕಾಸರವಳ್ಳಿ. ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಾಯಿ ಅಂತ ಎಲ್ಲರಿಗೂ ನೆನಪು. ‘ತಾಯಿ ಸಾಹೇಬ’ದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದದ್ದು, ‘ಮೂಡಲ ಮನೆ’ ಧಾರಾವಾಹಿಯನ್ನು ನಿರ್ದೇಶಿಸಿದ್ದು ಅವರೇ. ಧಾರಾವಾಹಿಗಳ ವಿಷಯದಲ್ಲಿ ಒಂದು ಎಚ್ಚರ: ನೂರಾರು ಕಂತು ಓಡುವಾಗ ನಡುವೆ ಪಾತ್ರಧಾರಿ ಬದಲಾಗುತ್ತಾರೆ, ಟೈಟಲ್ ಕಾರ್ಡಿನ ಒಂದೇ ಕಂತು ನೋಡಿ ನಂಬಬೇಡಿ.

ಬಿರುದು ಒಂದು ಸಲ ಸಾಕು. ‘ಮಿನುಗುತಾರೆ’, ‘ಅಭಿನಯ ಶಾರದೆ’ ಪ್ರತಿ ಪ್ಯಾರಾದಲ್ಲೂ ಬಂದರೆ ನಾನು ಹೊಡೆದುಹಾಕುತ್ತೇನೆ. ಮದುವೆ, ಮನಸ್ತಾಪದ ಸಂಗತಿ ಅವರೇ ಬಹಿರಂಗವಾಗಿ ಹೇಳಿದ್ದರೆ ಮಾತ್ರ ಬರಲಿ. ‘ಗಾಂಧಿನಗರದಲ್ಲಿ ಎಲ್ಲರಿಗೂ ಗೊತ್ತಿತ್ತು’ ಅನ್ನುವುದು ಆಧಾರವಲ್ಲ.

ನಟಿ ನಮ್ಮ ನಡುವೆ ಇದ್ದಾರೆಂದರೆ ಭೇಟಿ ಕೇಳಿ. ಸೆಟ್ಟಿನವರ ಹಾಗೆ ‘ಅಮ್ಮ’ ಅಂತಲೇ ಕರೆಯಿರಿ. ‘ನಿಮ್ಮ ಅನುಭವ ಹೇಳಿ’ ಅಂದರೆ ಹತ್ತು ಕಡೆ ಹೇಳಿದ್ದನ್ನೇ ಹೇಳುತ್ತಾರೆ. ‘ಆ ಚಿತ್ರಕ್ಕೆ ಎಷ್ಟು ದಿನದ ಕಾಲ್‌ಶೀಟ್ ಕೊಟ್ಟಿದ್ದಿರಿ ಅಮ್ಮ? ಸೀರೆ ಕಂಪನಿಯದೋ, ನಿಮ್ಮದೋ? ಸಂಭಾಷಣೆ ಹಿಂದಿನ ದಿನವೇ ಸಿಗುತ್ತಿತ್ತಾ? ಬಾಕಿ ಹಣ ಬಂತಾ?’ ಅಂತ ಕೇಳಿ. ಕೊನೆಯ ಪ್ರಶ್ನೆಗೆ ನಕ್ಕರೆ ಪೆನ್ನು ಕೆಳಗಿಡಬೇಡಿ, ಇನ್ನೊಂದು ಲೋಟ ಕಾಫಿ ಬಂದರೂ ಬೇಡ ಅನ್ನಬೇಡಿ.